ಸ್ವಿಚ್ಚು ಕೆಳಕ್ಕೆ, ಸೂರ್ಯ ಉತ್ತರಕ್ಕೆ

ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ನೆಲೆಸಲು ಬಂದವನೊಬ್ಬ ಮೊದಲ ರಾತ್ರಿ ಬಾಡಿಗೆ ಕೋಣೆಗೆ ಕಾಲಿಟ್ಟು, ಕತ್ತಲಲ್ಲೇ ಗೋಡೆ ತಡವಿ ಸ್ವಿಚ್ಚನ್ನು ಮೇಲಕ್ಕೆ ಒತ್ತುತ್ತಾನೆ. ದೀಪ ಹತ್ತುವುದಿಲ್ಲ. ಬಲ್ಬು ಹೋಗಿರಬೇಕೆಂದು ಮನೆಯೊಡತಿಯನ್ನು ಕರೆಯುತ್ತಾನೆ. ಆಕೆ ಬಂದು ಸ್ವಿಚ್ಚನ್ನು ಕೆಳಕ್ಕೆ ಒತ್ತುತ್ತಾಳೆ. ಕೋಣೆಯ ತುಂಬ ಬೆಳಕು! ಅಮೆರಿಕದಲ್ಲಿ ದೀಪ ಹತ್ತಿಸಲು ಸ್ವಿಚ್ಚನ್ನು ಮೇಲಕ್ಕೆ ಎತ್ತಬೇಕು, ಆಸ್ಟ್ರೇಲಿಯಾದಲ್ಲಿ ಕೆಳಕ್ಕೆ ಒತ್ತಬೇಕು. 'ಈ ದೇಶದಲ್ಲಿ ಎಲ್ಲವೂ ತಲೆಕೆಳಗು' ಎಂದು ಆತ ಊರಿಗೆ ಬರೆಯುವ ಮೊದಲ ಪತ್ರದಲ್ಲೇ ನಗೆಯಾಡುತ್ತಾನೆ.

ಅದೇ ದಿನ, ಅದೇ ಮೆಲ್ಬೋರ್ನ್ ನಗರಕ್ಕೆ ವಿರಾಜಪೇಟೆಯ ಹುಡುಗಿಯೊಬ್ಬಳೂ ಓದಲು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಆಕೆ ಕೋಣೆಗೆ ಬಂದಳು, ಸ್ವಿಚ್ಚು ಒತ್ತಿದಳು, ದೀಪ ಹತ್ತಿತು. ಪತ್ರದಲ್ಲಿ ಬರೆಯಲು ಅಲ್ಲಿ ಏನೂ ಇಲ್ಲ. ಏಕೆಂದರೆ ಭಾರತದಲ್ಲೂ ಸ್ವಿಚ್ಚನ್ನು ಒತ್ತುವುದು ಕೆಳಕ್ಕೇ.

ವಿಜ್ಞಾನದ ಪಾಠದಲ್ಲಿ ಒಂದೇ ವಸ್ತುವನ್ನು ಇಬ್ಬರು ವೀಕ್ಷಕರಿಂದ ಅಳೆಸುವ ಪ್ರಯೋಗವಿದೆ. ಇಬ್ಬರ ಉತ್ತರ ಬೇರೆ ಬೇರೆ ಬಂದರೆ ವಸ್ತುವಿನ ಮೇಲೆ ತಪ್ಪು ಹೊರಿಸುವ ಮೊದಲು ಅವರವರ ಕೈಯಲ್ಲಿರುವ ಅಳತೆಗೋಲನ್ನು ನೋಡಬೇಕು. ಈ ಇಬ್ಬರನ್ನು ಆಸ್ಟ್ರೇಲಿಯಾದಲ್ಲಿ ಸ್ವಲ್ಪ ಹೊತ್ತು ಓಡಾಡಲು ಬಿಟ್ಟು, ಯಾರಿಗೆ ಯಾವುದು ಬೆರಗು ಎಂದು ಪಟ್ಟಿ ಮಾಡಿದರೆ ಹೇಗೆ?

ಬೆಳಗಾಯಿತು. ಅಮೆರಿಕದವನು ತಂದ ಕೂದಲು ಒಣಗಿಸುವ ಯಂತ್ರ 120 ವೋಲ್ಟಿನದು. ಆಸ್ಟ್ರೇಲಿಯಾದ ವಿದ್ಯುತ್ತು 230 ವೋಲ್ಟ್. ಹಾಗೇ ಸಿಕ್ಕಿಸಿದರೆ ಕೂದಲಿಗಿಂತ ಮೊದಲು ಯಂತ್ರವೇ ಸುಟ್ಟೀತು. ನಮ್ಮ ಹುಡುಗಿಯ ಇಸ್ತ್ರಿಪೆಟ್ಟಿಗೆಗೆ ಆ ಭಯವಿಲ್ಲ, ಇಲ್ಲೂ 230 ವೋಲ್ಟ್, ಅಲ್ಲೂ 230 ವೋಲ್ಟ್. ಆದರೆ ಅದರ ದುಂಡು ಪಿನ್ನುಗಳು ಅಲ್ಲಿನ ಓರೆಯಾದ ಚಪ್ಪಟೆ ತೂತುಗಳಿಗೆ ಹೋಗುವುದಿಲ್ಲ. ವೋಲ್ಟೇಜು ಕೂಡಿಬಂದರೂ ಪಿನ್ನು ಕೂಡಿಬರಲಿಲ್ಲ. ಅಂಗಡಿಯಿಂದ ಒಂದು ಅಡಾಪ್ಟರ್ ತರಬೇಕು, ಅಷ್ಟೇ.

ರಸ್ತೆಗೆ ಇಳಿದರೆ ಅಮೆರಿಕದವನಿಗೆ ಇನ್ನೊಂದು ಫಜೀತಿ. ಅಲ್ಲಿ ವಾಹನಗಳು ಎಡಗಡೆ ಹೋಗುತ್ತವೆ. ಆತ ಟ್ಯಾಕ್ಸಿ ಹತ್ತಲು ಹೋಗಿ ಚಾಲಕನ ಬಾಗಿಲು ತೆರೆದು ನಿಲ್ಲುತ್ತಾನೆ. ಹುಡುಗಿಗೆ ಎಡ-ಬಲದ ಗೊಂದಲವಿಲ್ಲ. ಅವಳನ್ನು ಕಂಗೆಡಿಸುವುದು ನಿಶ್ಶಬ್ದ. ಇಷ್ಟು ವಾಹನಗಳಿದ್ದೂ ಹಾರ್ನ್ ಇಲ್ಲ! ಎಚ್ಚರಿಕೆ ಕೊಡುವ ಕಾರಣವಿಲ್ಲದೆ ಹಾರ್ನ್ ಮಾಡುವುದು ಆ ದೇಶದ ರಸ್ತೆ ನಿಯಮಗಳಿಗೆ ವಿರುದ್ಧ. ಸಂಪಾಜೆ ಘಾಟಿಯ ತಿರುವಿನಲ್ಲಿ ಹಾರ್ನ್ ಮಾಡದೆ ಬಂದವನನ್ನು ಬೈಯುವ ಊರಿನವಳಿಗೆ ಇದು ವಿಚಿತ್ರವೇ. ಯೋಚಿಸಿದರೆ ಎರಡೂ ಸರಿ. ತಿರುವಿನಾಚೆ ಕಾಣದಿದ್ದಾಗ ಹಾರ್ನ್ ಪ್ರಾಣ ಉಳಿಸುತ್ತದೆ. ಎಲ್ಲ ಕಾಣುವ ನೇರ ರಸ್ತೆಯಲ್ಲಿ ಅದು ಕೇವಲ ಸದ್ದು.

ನಗರದಾಚೆಯ ಹಳದಿ ಫಲಕದಲ್ಲಿ ಕಾಂಗರೂ ಚಿತ್ರ ಕಂಡ ಕೂಡಲೇ ಅಮೆರಿಕದವನು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾನೆ. ತಿತಿಮತಿಯ ಕಾಡಿನ ಹಾದಿಯಲ್ಲಿ ಆನೆಗೆ ದಾರಿಬಿಟ್ಟು ಕಾದವರು, ಹಲಸಿನ ಕಾಲದಲ್ಲಿ ಆನೆ ತೋಟಕ್ಕೆ ಬಂತೆಂದು ರಾತ್ರಿಯಿಡೀ ನಿದ್ದೆಗೆಟ್ಟವರು ಅಂಥ ಫಲಕಕ್ಕೆ ಕ್ಯಾಮೆರಾ ಎತ್ತುವುದು ಕಷ್ಟ.

ಅಮೆರಿಕದವರ ಈ ಬೆರಗು ಇಂದಿನದಲ್ಲ. ಹಾಸ್ಯ ಲೇಖಕ ಮಾರ್ಕ್ ಟ್ವೇನ್ ಸಾಲ ತೀರಿಸಲು 1895ರಲ್ಲಿ ಜಗತ್ತು ಸುತ್ತುತ್ತ ಭಾಷಣ ಮಾಡಲು ಹೊರಟು ಆಸ್ಟ್ರೇಲಿಯಾಕ್ಕೂ ಹೋಗಿದ್ದರು. ಸಿಡ್ನಿಯಿಂದ ಮೆಲ್ಬೋರ್ನಿಗೆ ಹೋಗುವಾಗ ಆಲ್ಬರಿ ಎಂಬಲ್ಲಿ ಪ್ರಯಾಣಿಕರನ್ನೆಲ್ಲ ಎಬ್ಬಿಸಿ ಬೇರೆ ರೈಲಿಗೆ ಹತ್ತಿಸಿದರು. ಕಾರಣ, ನ್ಯೂ ಸೌತ್ ವೇಲ್ಸಿನ ಹಳಿಗಳ ಅಂತರ 1435 ಮಿಲಿಮೀಟರ್, ವಿಕ್ಟೋರಿಯಾದ್ದು 1600. ಟ್ವೇನ್ ತಮ್ಮ 1897ರ ಪ್ರವಾಸ ಕಥನದಲ್ಲಿ ಈ ವ್ಯವಸ್ಥೆಯನ್ನು ಚೆನ್ನಾಗಿ ಹಂಗಿಸಿದ್ದಾರೆ. ಕೊನೆಗೂ 1962ರಲ್ಲಿ ಎರಡು ನಗರಗಳ ನಡುವೆ ಒಂದೇ ಅಳತೆಯ ಹಳಿ ಬಂತು. ಆದರೆ ಕೊಡಗಿನ ಹಿರಿಯರು ಇದನ್ನು ಓದಿದರೆ ನಕ್ಕಾರೆಯೇ? ಮೈಸೂರಿನಿಂದ ಮೀಟರ್ ಗೇಜಿನಲ್ಲಿ ಬೆಂಗಳೂರಿಗೆ ಬಂದು, ಟ್ರಂಕು ಇಳಿಸಿ, ಬ್ರಾಡ್ ಗೇಜಿನ ಮದ್ರಾಸ್ ರೈಲಿಗೆ ಹತ್ತಿಸಿದವರು ಅವರು. ಟ್ವೇನ್‌ಗೆ ಅದು ತಮಾಷೆ, ಇವರಿಗೆ ಅದು ಪ್ರಯಾಣ. ಇನ್ನು ಕೊಡಗಿನ ಒಳಗೆ ಈ ತೊಂದರೆ ಇಲ್ಲವೇ ಇಲ್ಲ, ಏಕೆಂದರೆ ರೈಲೇ ಇಲ್ಲ!

ಅಳತೆಯ ಮಾತು ಬಂತಲ್ಲ, ಹವಾಮಾನದ ವರದಿ ಕೇಳೋಣ. 'ಇಂದು 30 ಡಿಗ್ರಿ' ಎಂದರೆ ಅಮೆರಿಕದವನು ಕೋಟು ಹುಡುಕುತ್ತಾನೆ. ಅವನ ಫ್ಯಾರನ್‌ಹೀಟ್ ಲೆಕ್ಕದಲ್ಲಿ 32 ಡಿಗ್ರಿಗೇ ನೀರು ಹೆಪ್ಪುಗಟ್ಟುತ್ತದೆ. ಆಸ್ಟ್ರೇಲಿಯಾ 1972ರಲ್ಲಿ ಹವಾಮಾನ ವರದಿಯನ್ನು ಸೆಲ್ಸಿಯಸ್‌ಗೆ ಬದಲಿಸಿತು. ಮೂವತ್ತನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಿದರೆ 86 ಡಿಗ್ರಿ ಫ್ಯಾರನ್‌ಹೀಟ್. ಒಳ್ಳೆಯ ಸೆಕೆ.

ಹುಡುಗಿ ನಕ್ಕಳು. ಆದರೆ ಮುಂದಿನ ಸಾಲಿನಲ್ಲಿ ಅವಳ ಸರದಿ. 'ಮಳೆ 25 ಮಿಲಿಮೀಟರ್' ಎಂದಾಗ ಅದು ಹೆಚ್ಚೋ ಕಡಿಮೆಯೋ ಅವಳಿಗೆ ಥಟ್ಟನೆ ಹೊಳೆಯುವುದಿಲ್ಲ. ಕೊಡಗಿನ ತೋಟದ ಮನೆಗಳಲ್ಲಿ ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಎಂದರೆ 25.4 ಮಿಲಿಮೀಟರ್. ಕಾಫಿಗೆ ಹೂಮಳೆ ಎಷ್ಟು ಸೆಂಟು ಬಂತು ಎನ್ನುವುದರ ಮೇಲೆ ಮನೆಯ ವರ್ಷದ ಖರ್ಚು ನಿಂತಿರುತ್ತದೆ. ಇಂಚು ಮತ್ತು ಅದರ ನೂರನೆಯ ಒಂದು ಭಾಗದ ಲೆಕ್ಕದಲ್ಲೇ ಮಳೆ ಬರೆಯುವ ಇನ್ನೊಂದು ದೇಶ ಯಾವುದು ಗೊತ್ತೇ? ಅಮೆರಿಕ! ಸೆಲ್ಸಿಯಸ್‌ನಲ್ಲಿ ಬೇರೆಯಾದ ಇಬ್ಬರು ಮಳೆಯಲ್ಲಿ ಒಂದಾದರು.

ಅಳತೆಗೋಲನ್ನು ಮರೆತರೆ ಬರೀ ನಗೆಯಲ್ಲಿ ಮುಗಿಯುವುದಿಲ್ಲ ಎಂಬುದಕ್ಕೂ ಸಾಕ್ಷಿಯಿದೆ. 1999ರಲ್ಲಿ ಅಮೆರಿಕದ 'ಮಾರ್ಸ್ ಕ್ಲೈಮೇಟ್ ಆರ್ಬಿಟರ್' ಮಂಗಳ ಗ್ರಹವನ್ನು ತಲುಪುವ ಹೊತ್ತಿಗೆ ನಾಶವಾಯಿತು. ಭೂಮಿಯ ಮೇಲಿನ ಒಂದು ಕಂಪ್ಯೂಟರ್ ಪ್ರೋಗ್ರಾಂ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ನಿನ ಲೆಕ್ಕವೆಂದು ತಿಳಿದುಕೊಂಡಿತ್ತು. ಅಂಕಿ ಬರೆದು ಘಟಕ ಬರೆಯದ ವಿದ್ಯಾರ್ಥಿಗೆ ಅರ್ಧ ಅಂಕ ಕಳೆಯುವುದು ಸುಮ್ಮನೆ ಅಲ್ಲ.

ಮಧ್ಯಾಹ್ನವಾಯಿತು. ಅಮೆರಿಕದವನು ಬಿಸಿಲು ಬರುವ ಕೋಣೆ ಬೇಕೆಂದು ದಕ್ಷಿಣಕ್ಕೆ ಕಿಟಕಿಯಿರುವ ಕೋಣೆ ಹಿಡಿದಿದ್ದ. ಈಗ ಚಳಿಯಲ್ಲಿ ನಡುಗುತ್ತಿದ್ದಾನೆ. ಮೆಲ್ಬೋರ್ನಿನಲ್ಲಿ ನಡುಮಧ್ಯಾಹ್ನದ ಸೂರ್ಯ ಯಾವಾಗಲೂ ಉತ್ತರದ ಕಡೆಗಿರುತ್ತಾನೆ. ಅಮೆರಿಕದ ಮುಖ್ಯಭೂಮಿ ಇಡಿಯಾಗಿ ಕರ್ಕಾಟಕ ಸಂಕ್ರಾಂತಿ ವೃತ್ತದ ಉತ್ತರಕ್ಕಿರುವುದರಿಂದ ಅಲ್ಲಿಯವರು ತಮ್ಮ ಊರಿನಲ್ಲಿ ಇಂಥದ್ದನ್ನು ಕಾಣಲಾರರು. ಹುಡುಗಿಯೂ 'ಅರೆ, ಉತ್ತರದಲ್ಲಿ ಸೂರ್ಯ!' ಎಂದು ಬೆರಗಾಗುತ್ತಾಳೆ. ಅವಳು ಬೆರಗಾಗಬೇಕಿಲ್ಲ. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 23ರ ಸುಮಾರಿಗೆ ಅಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆ ದಿನದಿಂದ ಆಗಸ್ಟ್ 20ರ ಸುಮಾರಿನವರೆಗೆ ಕೊಡಗಿನಲ್ಲೂ ಮಧ್ಯಾಹ್ನದ ಸೂರ್ಯ ಉತ್ತರಕ್ಕೇ ಇರುತ್ತಾನೆ. ಜೂನ್ ನಂತರ ಮೋಡ ಮುಚ್ಚುತ್ತದೆ, ನಿಜ. ಆದರೆ ಮೇ ತಿಂಗಳ ರಜೆಯಲ್ಲಿ ಅಂಗಳದಲ್ಲೊಂದು ಕೋಲು ನೆಟ್ಟು ನೋಡಿದ್ದರೆ, ಮಧ್ಯಾಹ್ನದ ಪುಟ್ಟ ನೆರಳು ದಕ್ಷಿಣಕ್ಕೆ ಬೀಳುವುದು ಕಾಣುತ್ತಿತ್ತು. ಮನೆಯಂಗಳದಲ್ಲಿ ನೋಡದ್ದನ್ನು ಸಾವಿರಾರು ಕಿಲೋಮೀಟರ್ ದೂರ ಹೋಗಿ ನೋಡಿದ ಹಾಗಾಯಿತು.

ಇಬ್ಬರೂ ಕೂಡಿ ಮಾಡುವ ಇನ್ನೊಂದು ಕೆಲಸ, ಕೈತೊಳೆಯುವ ಬೇಸಿನ್ನಿನ ನೀರು ಯಾವ ದಿಕ್ಕಿಗೆ ಸುತ್ತುತ್ತದೆಂದು ಬಗ್ಗಿ ನೋಡುವುದು. ದಕ್ಷಿಣಾರ್ಧ ಗೋಳದಲ್ಲಿ ಅದು ತಿರುಗು ಮುರುಗಾಗುತ್ತದೆ ಎಂಬ ಮಾತು ಎಲ್ಲೆಡೆ ಇದೆ. ಭೂಮಿ ತಿರುಗುವುದರಿಂದ ಉಂಟಾಗುವ ಕೊರಿಯೊಲಿಸ್ ಪರಿಣಾಮ ಚಂಡಮಾರುತವನ್ನು ತಿರುಗಿಸಬಲ್ಲದು. ಬೇಸಿನ್ನಿನಲ್ಲಿ ಅದು ತೀರಾ ದುರ್ಬಲ, ನಲ್ಲಿಯಿಂದ ಬಿದ್ದ ನೀರಿನ ಸೆಳವೇ ದಿಕ್ಕನ್ನು ನಿರ್ಧರಿಸುತ್ತದೆ. 1962ರಲ್ಲಿ ಅಮೆರಿಕದಲ್ಲಿ, 1965ರಲ್ಲಿ ಸಿಡ್ನಿಯಲ್ಲಿ ವಿಜ್ಞಾನಿಗಳು ದೊಡ್ಡ ತೊಟ್ಟಿಯ ನೀರನ್ನು ದೀರ್ಘಕಾಲ ಅಲುಗಾಡದೆ ನಿಲ್ಲಿಸಿ, ಅತಿ ಎಚ್ಚರದಿಂದ ಹೊರಬಿಟ್ಟ ಮೇಲಷ್ಟೇ ವಿರುದ್ಧ ದಿಕ್ಕಿನ ಸುಳಿಗಳು ಕಂಡವು.

ಮಾತಿನ ಸುಳಿ ಇದಕ್ಕಿಂತ ಆಳ. ಆಸ್ಟ್ರೇಲಿಯಾದವರು ಮನೆಗೆ ಕರೆದು 'ಬ್ರಿಂಗ್ ಎ ಪ್ಲೇಟ್' ಎಂದರೆ ಹೊಸಬರು ಖಾಲಿ ತಟ್ಟೆ ಹಿಡಿದು ಹೋಗುತ್ತಾರೆ. 'ಎಲ್ಲರೂ ಹಂಚಿಕೊಳ್ಳಲು ಏನಾದರೂ ತಿಂಡಿ ಮಾಡಿ ತನ್ನಿ' ಎಂಬುದು ಅದರ ಅರ್ಥ. 'ಟೀಗೆ ಬನ್ನಿ' ಎಂದರೆ ಕೆಲವರ ಮನೆಯಲ್ಲಿ ರಾತ್ರಿಯ ಊಟ. 'ಹೌ ಆರ್ ಯೂ ಗೋಯಿಂಗ್?' ಎಂದು ಕೇಳಿದರೆ 'ಬಸ್ಸಿನಲ್ಲಿ' ಎನ್ನಬಾರದು, ಅದು 'ಹೇಗಿದ್ದೀರಿ?' ಎನ್ನುವ ಮಾತು. ಇಂಥ ಉತ್ತರಕ್ಕೆ ತರಗತಿ ಒಮ್ಮೆ ನಕ್ಕರೆ ಸಾಕು, ಸೂಕ್ಷ್ಮ ಸ್ವಭಾವದ ಮಗು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಆದರೆ ಕನ್ನಡವನ್ನೇ ನೋಡಿ. 'ಊಟ ಆಯ್ತಾ?' ಎಂದು ದಾರಿಯಲ್ಲಿ ಕೇಳಿದರೆ ಹೊರನಾಡಿನವನು ಊಟಕ್ಕೆ ಕರೆದರೆಂದು ಹಿಂದೆಯೇ ಬಂದಾನು. 'ಹೋಗಿ ಬರ್ತೀನಿ' ಎಂದವರಿಗಾಗಿ ಸಂಜೆಯವರೆಗೆ ಬಾಗಿಲು ತೆರೆದಿಟ್ಟು ಕಾದಾನು.

ನಾಲಗೆಯ ಪರೀಕ್ಷೆಯೂ ಆಗಲಿ. ಆಸ್ಟ್ರೇಲಿಯಾದ ಮನೆಮನೆಯಲ್ಲಿರುವ ವೆಜಿಮೈಟ್ ಎಂಬ ಕಪ್ಪು ಲೇಪವನ್ನು ಅಮೆರಿಕದವನು ಚಾಕೊಲೇಟ್ ಎಂದು ತಿಳಿದು ಬ್ರೆಡ್ಡಿಗೆ ದಪ್ಪಗೆ ಬಳಿದು ಕಚ್ಚುತ್ತಾನೆ. ಆಮೇಲಿನ ಮುಖ ನೋಡುವಂತಿಲ್ಲ. 1923ರಿಂದ ಮಾರಾಟದಲ್ಲಿರುವ ಇದು ಯೀಸ್ಟಿನ ಸಾರ, ಬಿ ಗುಂಪಿನ ವಿಟಮಿನ್‌ಗಳ ಕಣಜ, ಉಪ್ಪೋ ಉಪ್ಪು. ಬೆಣ್ಣೆಯ ಮೇಲೆ ತೆಳ್ಳಗೆ ಸವರಿ ತಿನ್ನಬೇಕು. ಹುಡುಗಿ ಮೊದಲು ಚಾಕುವಿನ ತುದಿಯಲ್ಲಿ ಒಂದಿಷ್ಟು ನೆಕ್ಕಿ ನೋಡುತ್ತಾಳೆ. ಅವಳ ಮನೆಯ ಅಡುಗೆಮನೆಯಲ್ಲೂ ಒಂದು ಕಪ್ಪು ಬಾಟಲಿ ಇದೆ. ಪಣಪುಳಿ ಹಣ್ಣಿನ ರಸ ಕಾಯಿಸಿ ಇಳಿಸಿದ ಕಾಚಂಪುಳಿ. ಪಂದಿಕರಿಗೆ ಅದು ಒಂದೆರಡು ಚಮಚ ಹೆಚ್ಚಾದರೂ ಹಲ್ಲು ಜುಮ್ಮೆನ್ನುತ್ತದೆ. ಕಪ್ಪಗೆ, ಮಂದವಾಗಿ ಇರುವುದನ್ನೆಲ್ಲ ಎಚ್ಚರದಿಂದ ರುಚಿ ನೋಡಬೇಕೆಂದು ಅವಳಿಗೆ ಕಾಚಂಪುಳಿಯೇ ಕಲಿಸಿದೆ.

ಸಂಜೆ ನಡೆಯಲು ಹೋದಾಗ ಹುಡುಗಿ ಒಂದು ಮರದ ಕೆಳಗೆ ನಿಂತುಬಿಡುತ್ತಾಳೆ. ಜರಿಗಿಡದಂಥ ಎಲೆ, ಅಡಿಯಲ್ಲಿ ಬೆಳ್ಳಿಯ ಹೊಳಪು. ಇದು ತೋಟದ ಸಿಲ್ವರ್ ಓಕ್ ಅಲ್ಲವೇ? ಹೌದು. 'ಗ್ರೆವಿಲಿಯಾ ರೊಬಸ್ಟಾ' ಎಂಬ ಈ ಮರದ ತವರು ಪೂರ್ವ ಆಸ್ಟ್ರೇಲಿಯಾ. ಓಕ್ ಜಾತಿಗೂ ಇದಕ್ಕೂ ಸಂಬಂಧವಿಲ್ಲ. ತೋಟದ ನೆರಳಿಗೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ಮೈತುಂಬ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ. ಅಲ್ಲಿ ಮಾತ್ರ ಅದು ಬಾಚಣಿಗೆಯಂಥ ಬಂಗಾರದ ಬಣ್ಣದ ಹೂ ಹೊತ್ತಿದೆ. ವರ್ಷವರ್ಷವೂ ಮರಗಸಿ ಮಾಡುವ ತೋಟದಲ್ಲಿ ಅದಕ್ಕೆ ಹಾಗೆ ಮೈದುಂಬಿ ಹೂಬಿಡಲು ಬಿಡುವೆಲ್ಲಿ? ದಿನವೂ ಕಂಡ ಮರದ ಹೂವನ್ನು ಆಕೆ ಮೊದಲ ಬಾರಿ ಕಣ್ತುಂಬ ನೋಡುತ್ತಾಳೆ. ಕೊಡಗಿಗೆ ಬಂದ ಆಸ್ಟ್ರೇಲಿಯಾದವನೊಬ್ಬನಿಗೂ ಮೆಣಸಿನ ಬಳ್ಳಿ ಸುತ್ತಿಕೊಂಡ ತನ್ನೂರಿನ ಮರ ಅಷ್ಟೇ ಹೊಸದು.

ಕೊಡಗನ್ನು ಹೀಗೆ ಹೊಸ ಕಣ್ಣಿನಿಂದ ನೋಡಿದವರೂ ಇದ್ದಾರೆ. ಮಡಿಕೇರಿಯಲ್ಲಿ ಶಾಲೆ ನಡೆಸಿದ ಜರ್ಮನ್ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಕೊಡಗಿನ ಕೈಪಿಡಿ ಬರೆದರು. ಐರ್ಲೆಂಡಿನ ಲೇಖಕಿ ಡರ್ವ್ಲಾ ಮರ್ಫಿ ಐದು ವರ್ಷದ ಮಗಳ ಕೈಹಿಡಿದು ದಕ್ಷಿಣ ಭಾರತಕ್ಕೆ ಬಂದು, ಕೊಡಗಿಗೆ ಮನಸೋತು ಇಲ್ಲೇ ಕೆಲಕಾಲ ನಿಂತು, ಆ ಅನುಭವವನ್ನು 1976ರಲ್ಲಿ 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಎಂಬ ಪುಸ್ತಕವಾಗಿ ಪ್ರಕಟಿಸಿದರು. ಇಲ್ಲಿಯವರು 'ಇದರಲ್ಲಿ ಬರೆಯುವುದೇನಿದೆ' ಎಂದು ಬಿಟ್ಟದ್ದನ್ನು ಹೊರಗಿನವರು ಬರೆದಿಟ್ಟರು.

ಮನೆಯಿಂದ ಮೊದಲ ಬಾರಿ ಹೊರಟ ಮಕ್ಕಳು ಮೈಸೂರಿನ ಹಾಸ್ಟೆಲಿನಿಂದಲೋ ಮೆಲ್ಬೋರ್ನಿನಿಂದಲೋ ಫೋನು ಮಾಡಿ 'ಇಲ್ಲಿ ಏನೂ ಸರಿಯಿಲ್ಲ' ಎನ್ನುವುದುಂಟು. ಮೂರು ತಿಂಗಳ ನಂತರ ಅದೇ ಮಕ್ಕಳು ರಜೆಗೆ ಬಂದು 'ಈ ಊರಲ್ಲಿ ಏನೂ ಸರಿಯಿಲ್ಲ' ಎನ್ನುವುದೂ ಉಂಟು. ಎರಡನ್ನೂ ಕೇಳಿ ತಂದೆತಾಯಿಗಳು ಕಂಗಾಲಾಗಬೇಕಿಲ್ಲ. 'ಸರಿಯಿಲ್ಲ' ಎನ್ನುವುದು ತೀರ್ಪು, 'ಬೇರೆಯಾಗಿದೆ' ಎನ್ನುವುದು ವೀಕ್ಷಣೆ. 'ಏನು ಬೇರೆಯಾಗಿದೆ? ಯಾಕೆ ಹಾಗಿರಬಹುದು?' ಎಂದು ಮಗುವನ್ನೇ ಕೇಳಿ ನೋಡಿ. ಉತ್ತರ ಹುಡುಕುವಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ವಿಮಾನದ ಟಿಕೆಟು ಬೇಡ, ಒಂದು ನೋಟುಪುಸ್ತಕ ಸಾಕು. ನಾಳೆ ಬೆಳಗ್ಗೆಯಿಂದ ಸಂಜೆಯವರೆಗೆ, ಇಂದೇ ಅಮೆರಿಕದಿಂದ ಬಂದಿಳಿದವರಂತೆ ನಿಮ್ಮ ಊರನ್ನು ನೋಡಿ. ವಿಚಿತ್ರವೆನಿಸುವ ಹತ್ತು ಸಂಗತಿಗಳನ್ನು ಎಡಬದಿಯಲ್ಲಿ ಬರೆಯಿರಿ, ಬಲಬದಿಯಲ್ಲಿ ಅದರ ಕಾರಣ. ಕಾರಣ ಗೊತ್ತಿಲ್ಲದಿದ್ದರೆ ಅಜ್ಜ-ಅಜ್ಜಿಯನ್ನು ಕೇಳಿ. ತೋಟದ ಮನೆಯವರಾದರೆ, ಮಳೆಯನ್ನು ಇಂದಿಗೂ ಸೆಂಟಿನಲ್ಲಿ ಯಾಕೆ ಬರೆಯುತ್ತಾರೆ ಎಂಬುದರಿಂದಲೇ ಶುರುಮಾಡಬಹುದು.