ನಾಳೆಯ ಊಟ ಯಾರ ಮನೆಯಲ್ಲಿ?

ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿಗೆ 1960ರಲ್ಲಿ ಗಣಿತ ಕಲಿಸಲು ಬಂದವರು ಕಾರ್ಲೋಸ್ ವಾಲೆಸ್, ಸ್ಪೇನ್ ದೇಶದ ಯೇಸುಸಭೆಯ ಪಾದ್ರಿ. ಗುಜರಾತಿಗಳಿಗೆಲ್ಲ ಅವರು ಫಾದರ್ ವಾಲೆಸ್. ಗುಜರಾತಿಯಲ್ಲೇ ಬರೆದು, 1978ರಲ್ಲಿ ಆ ಸಾಹಿತ್ಯದ ದೊಡ್ಡ ಗೌರವವಾದ ರಣಜಿತ್‌ರಾಮ್ ಸುವರ್ಣ ಚಂದ್ರಕ ಪಡೆದರು. ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಅವರ ಬರಹವಲ್ಲ, ಅವರು ಬದುಕಿದ ಬಗೆ.

ಗುರುನಿವಾಸದಲ್ಲಿ ಅವರಿಗೆ ಕೋಣೆಯಿತ್ತು, ಹೊತ್ತಿಗೆ ಸರಿಯಾಗಿ ಊಟವಿತ್ತು. ಅದೆಲ್ಲ ಬಿಟ್ಟು ಅವರು ಹಳೆಯ ಪೇಟೆಯ 'ಪೋಳ್'ಗಳಿಗೆ, ಗೋಡೆಗೆ ಗೋಡೆ ಅಂಟಿದ ಮನೆಗಳ ಆ ಓಣಿಗಳಿಗೆ ಹೋದರು. ಕೆಲವು ದಿನ ನಿಮ್ಮಲ್ಲಿ ಇರಬಹುದೇ ಎಂದು ಕೇಳುವುದು, ಮನೆಯವರು ಉಣ್ಣುವುದನ್ನೇ ಉಂಡು ಅಲ್ಲೇ ಮಲಗುವುದು, ಸೈಕಲ್ ತುಳಿದು ಪಾಠಕ್ಕೆ ಹೋಗುವುದು, ಆಮೇಲೆ ಮತ್ತೊಂದು ಮನೆ. ಹೀಗೆ ಸುಮಾರು ಹತ್ತು ವರ್ಷ. ನಮ್ಮ ಹಿರಿಯರ ವಾರಾನ್ನ ನೆನಪಾಗುತ್ತದೆ. ಆದರೆ ವಾರಾನ್ನದ ಹುಡುಗ ಉಂಡೆದ್ದು ಹೊರಡುತ್ತಿದ್ದ, ಇವರು ರಾತ್ರಿಗೂ ಅಲ್ಲೇ.

ನಾಳೆಯ ಚಿಂತೆ ಬೇಡವೆಂಬ ಯೇಸುವಿನ ಪರ್ವತ ಪ್ರಸಂಗಕ್ಕೆ ತಲೆದೂಗುವುದು ಸಂಬಳ, ಸೂರು ಇದ್ದವರಿಗೆ ಸುಲಭ. ವಾಲೆಸ್ ಬರಿಗೈಯನ್ನು ಬಲ್ಲವರು. ಹತ್ತನೆಯ ವಯಸ್ಸಿಗೆ ತಂದೆ ತೀರಿಕೊಂಡರು. 1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಗಿ ಮನೆಯೂ ಹೋಯಿತು. ಅಂಥವರು ಬೇಕೆಂದೇ ಮತ್ತೆ ಬರಿಗೈಯಾದರು. ಅವರಿಗೆ ಬಾಗಿಲು ತೆರೆದವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ವಾಲೆಸ್ ನಂಬಿದ ಪರಲೋಕದ ತಂದೆ ಅವರಿಗೆ ಉಣಿಸಿದ್ದು ಬೇರೆ ಹೆಸರಿನಲ್ಲಿ ದೇವರನ್ನು ಕರೆಯುವ ತಾಯಂದಿರ ಕೈಯಿಂದ. ವಿಶ್ವಾಸದ ಬಗ್ಗೆ ನಾನು ಕೇಳಿದ ಯಾವ ಪ್ರವಚನಕ್ಕಿಂತಲೂ ಇದು ನನಗೆ ಹೆಚ್ಚು ಕಲಿಸುತ್ತದೆ.

ಆದರೆ ನಾಳೆಯ ಚಿಂತೆ ಬೇಡವೆಂಬ ಮಾತಿಗೆ ಇನ್ನೊಂದು ಮಗ್ಗುಲಿದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಸೂರತ್‌ನ ವಲಸೆ ಕಾರ್ಮಿಕರು ಊರಿಗೆ ಕಳಿಸಿ ಎಂದು ಬೀದಿಗಿಳಿದರು. ಮಗ್ಗ ನಿಂತಿತ್ತು, ಕೂಲಿ ನಿಂತಿತ್ತು, ಹತ್ತಾರು ಜನ ಸರದಿಯಲ್ಲಿ ಮಲಗುವ ಕೋಣೆಯ ಬಾಡಿಗೆ ಮಾತ್ರ ನಿಂತಿರಲಿಲ್ಲ. ಅವರ ಆತಂಕ ಅಪನಂಬಿಕೆಯಲ್ಲ. ದೇವರಿದ್ದಾನೆ, ಚಿಂತಿಸಬೇಡಿ ಎಂದು ಅವರಿಗೆ ಹೇಳುವ ಹಕ್ಕು, ನನ್ನ ಮಟ್ಟಿಗೆ, ತಟ್ಟೆಗೆ ಅನ್ನ ಬಡಿಸಿದವರಿಗೆ ಮಾತ್ರ. ಹಸಿದ ಜನರನ್ನು ಹಾಗೇ ಕಳಿಸಿಬಿಡಿ ಎಂದು ಶಿಷ್ಯರು ಹೇಳಿದಾಗ ಯೇಸು ಒಪ್ಪಲಿಲ್ಲ, ನೀವೇ ಊಟ ಕೊಡಿ ಎಂದರು.

ಬೆಂಗಳೂರಿನ ಚರ್ಚುಗಳಲ್ಲೂ ದೂರದೂರಿಂದ ದುಡಿಯಲು ಬಂದವರು ಹಿಂದಿನ ಬೆಂಚಿನಲ್ಲಿ ಕೂತು, ಪೂಜೆ ಮುಗಿದೊಡನೆ ಹೊರಟುಬಿಡುತ್ತಾರೆ. ಅವರಲ್ಲಿ ಒಬ್ಬರನ್ನು ಈ ಭಾನುವಾರ ಮನೆಗೆ ಊಟಕ್ಕೆ ಕರೆಯಲು ಯಾವ ಸಮಿತಿಯ ಒಪ್ಪಿಗೆಯೂ ಬೇಕಿಲ್ಲ.