ಹೊಸ ಪೇಸ್ಟ್ ಆಮೇಲೆ ಬರಲಿ, ಇರುವ ಪೇಸ್ಟಿನ ಲೆಕ್ಕ ಹೇಳಿ

2025ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಒಂದು ಸುದ್ದಿ ಬಂತು. ಉಣ್ಣೆಯಿಂದ ತೆಗೆದ ಕೆರಾಟಿನ್ ಬಳಸಿ ಹಲ್ಲಿನ ಎನಾಮಲ್ ರಿಪೇರಿ ಮಾಡಬಹುದು ಎಂಬ ಪ್ರಯೋಗಾಲಯದ ಮಾತು ಅದು. ನಮ್ಮ ವಾಟ್ಸ್ಯಾಪ್ ಗುಂಪಿಗೆ ಬರುವಷ್ಟರಲ್ಲಿ 'ಹುಳುಕು ಹಲ್ಲಿಗೆ ಇನ್ನು ಡಾಕ್ಟರೇ ಬೇಡ' ಎಂದಾಗಿತ್ತು. ಫಾರ್ವರ್ಡ್ ಮಾಡಿದವರಲ್ಲಿ ನಾನೂ ಒಬ್ಬ.

ಹಾಗಾಗಿ ಈ ಸಿಟ್ಟು ಮೊದಲು ನನ್ನ ಮೇಲೆ, ಆಮೇಲೆ ನಮ್ಮ ಕಸುಬಿನ ಮೇಲೆ. ಹುಳುಕಿನ ಮೊದಲ ಹಂತವನ್ನು ವಾಸಿ ಮಾಡಬಲ್ಲ ಪೇಸ್ಟ್ ನಮ್ಮೂರ ಕಿರಾಣಿ ಅಂಗಡಿಯಲ್ಲೇ ಇದೆ. ಅದರ ಬಗ್ಗೆ ನಾನು ಹತ್ತು ಸಾಲೂ ಬರೆದಿಲ್ಲ.

ವಿಷಯ ಸರಳ. ಬಾಯಿಯಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಆಮ್ಲಕ್ಕೆ ಎನಾಮಲ್‌ನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗುತ್ತವೆ. ಹಲ್ಲಿನ ಮೇಲೆ ಸುಣ್ಣ ಹಚ್ಚಿದಂಥ ಬಿಳಿ ಮಚ್ಚೆ ಬೀಳುತ್ತದೆ. ಈ ಹಂತದಲ್ಲಿ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತೆ ಅಲ್ಲಿ ಹೋಗಿ ಕೂರಬಲ್ಲದು. ಫ್ಲೋರೈಡ್ ಇದ್ದರೆ ಬೇಗ ಕೂರುತ್ತದೆ, ಮುಂದೆ ಆಮ್ಲಕ್ಕೆ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ತೂತು ಬಿದ್ದ ಮೇಲೆ ಮಾತ್ರ ಯಾವ ಪೇಸ್ಟೂ ಅದನ್ನು ತುಂಬುವುದಿಲ್ಲ.

ಸಂಶೋಧನೆ ಬೇಡ ಎನ್ನುತ್ತಿಲ್ಲ. ಫ್ಲೋರೈಡ್ ಜೊತೆ ಕ್ಯಾಲ್ಸಿಯಮ್ಮನ್ನೂ ಕೊಟ್ಟರೆ ರಿಪೇರಿ ಚೆನ್ನಾಗಿ ಆದೀತು. ಆದರೆ ಎರಡನ್ನೂ ಒಂದೇ ಟ್ಯೂಬಿಗೆ ಹಾಕಿದರೆ ಒಳಗೇ ಒಂದಕ್ಕೊಂದು ಅಂಟಿಕೊಂಡು ಕೆಲಸಕ್ಕೆ ಬಾರದಂತಾಗಬಹುದು. ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೆನಾಲ್ಡ್ಸ್ ತಂಡ ಹಾಲಿನ ಕೇಸಿನ್‌ನಿಂದ ಇದಕ್ಕೊಂದು ದಾರಿ ಹುಡುಕಿತು. ಒಳ್ಳೆಯ ಕೆಲಸವೇ. ಆದರೆ ಅಂಥ ಕ್ರೀಮಿಗೆ ನೂರಾರು ರೂಪಾಯಿ. ಕೂಲಿಗೆ ಹೋಗುವ ತಾಯಿ ಅದನ್ನು ಮಗುವಿಗೆ ತರುತ್ತಾಳೆಯೇ?

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಫ್ಲೋರೈಡ್ ಅಂದರೆ ಬೋರ್‌ವೆಲ್ ನೀರಿನ ವಿಷ. ಕಂದು ಕಲೆಯ ಹಲ್ಲು, ಬಗ್ಗಿದ ಮೂಳೆ ಕಂಡವರ ಹೆದರಿಕೆ ಸುಳ್ಳಲ್ಲ. ಆ ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡು 'ಫ್ಲೋರೈಡ್ ಇಲ್ಲದ್ದು' ಎಂದು ಹೆಮ್ಮೆಯಿಂದ ಪೇಸ್ಟ್ ಮಾರುವವರಿದ್ದಾರೆ.

ಲೆಕ್ಕ ಹಾಕಿ ನೋಡೋಣ. 1000 ಪಿಪಿಎಂ ಪೇಸ್ಟನ್ನು ಬಟಾಣಿ ಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ ತೆಗೆದುಕೊಂಡರೆ ಅದರಲ್ಲಿರುವ ಫ್ಲೋರೈಡ್ 0.25 ಮಿಲಿಗ್ರಾಂ. ಅದರಲ್ಲೂ ಬಹುಪಾಲು ಉಗಿಯುತ್ತೇವೆ. ಕುಡಿಯುವ ನೀರಿಗೆ ನಮ್ಮ ಮಾನಕ ಒಪ್ಪುವ ಗರಿಷ್ಠ ಮಿತಿಯೇ ಲೀಟರಿಗೆ 1.5 ಮಿಲಿಗ್ರಾಂ. ಆ ಮಿತಿ ಮೀರಿದ ನೀರನ್ನು ದಿನಕ್ಕೆ ಎರಡು ಮೂರು ಲೀಟರ್ ಕುಡಿಸುತ್ತಾ ಪೇಸ್ಟನ್ನು ದೂರಿದರೆ ಏನು ನ್ಯಾಯ? ಸರಿ ಮಾಡಬೇಕಿರುವುದು ನೀರನ್ನು. ಪೇಸ್ಟ್ ನುಂಗುವ ಪುಟ್ಟ ಮಕ್ಕಳ ಪಕ್ಕದಲ್ಲಿ ದೊಡ್ಡವರು ನಿಲ್ಲಬೇಕು, ಅಷ್ಟೆ. ಮೂರು ವರ್ಷದೊಳಗಿನವರಿಗೆ ಅಕ್ಕಿ ಕಾಳಿನಷ್ಟು ಸಾಕು, ಆರರವರೆಗೆ ಬಟಾಣಿಯಷ್ಟು. ಜಾಹೀರಾತಿನಲ್ಲಿ ಬ್ರಶ್ ತುಂಬ ಅಲೆಯಂತೆ ಹಿಂಡುವುದು ಮಾರಾಟಕ್ಕೆ, ಹಲ್ಲಿಗಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಫ್ಲೋರೈಡ್ ಪೇಸ್ಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮಲ್ಲಿ 2025ರ ಸೆಪ್ಟೆಂಬರ್‌ವರೆಗೂ ಅದರ ಮೇಲೆ 18% ಜಿಎಸ್‌ಟಿ ಇತ್ತು, ಈಗ 5%. ಫ್ಲೋರೈಡ್ 1000 ಪಿಪಿಎಂ ಮೀರಬಾರದು, ಪ್ರಮಾಣವನ್ನು ಟ್ಯೂಬ್ ಮೇಲೂ ಡಬ್ಬಿಯ ಮೇಲೂ ಬರೆಯಬೇಕು ಎಂದು ನಿಯಮವೇ ಇದೆ. ಬರೆದಿರುತ್ತಾರೆ ಕೂಡ, ಇರುವೆ ಗಾತ್ರದ ಇಂಗ್ಲಿಷಿನಲ್ಲಿ.

ನನ್ನ ಒತ್ತಾಯ ಇಷ್ಟು. ಫ್ಲೋರೈಡ್ ಇದೆಯೋ ಇಲ್ಲವೋ, ಇದ್ದರೆ ಎಷ್ಟು, ಮಗುವಿಗೆ ಎಷ್ಟು ಹಾಕಬೇಕು ಎಂಬುದು ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿರಲಿ. ಹಲ್ಲುಜ್ಜಿದ ಮೇಲೆ ಉಗಿಯಿರಿ, ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿ ಪೇಸ್ಟನ್ನೆಲ್ಲ ತೊಳೆದುಬಿಡಬೇಡಿ ಎಂಬ ಮಾತನ್ನು ಅಂಗನವಾಡಿಯಲ್ಲಿ ಹೇಳಿಕೊಡಲಿ. ಇದಕ್ಕೆ ಯಾವ ಪ್ರಯೋಗಾಲಯವೂ ಬೇಕಿಲ್ಲ.

ಗೆಳೆಯರೇ, ಮುಂದಿನ ಸಲ 'ಹಲ್ಲು ಬೆಳೆಸುವ ಪೇಸ್ಟ್' ಸುದ್ದಿ ಕಳಿಸುವ ಮುಂಚೆ ನಿಮ್ಮೂರ ಅಂಗಡಿಗೆ ಹೋಗಿ ಒಂದು ಡಬ್ಬಿ ತಿರುಗಿಸಿ ಓದಿ. ಅಲ್ಲಿ ಕನ್ನಡದಲ್ಲಿ ಏನಿಲ್ಲವೋ, ಅದೇ ಸುದ್ದಿ.