‘ದೇವರು’ ಪುಲ್ಲಿಂಗವೆ?

2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಚರ್ಚು, ಆರಾಧನೆಯಲ್ಲಿ ದೇವರಿಗೆ ಪುಲ್ಲಿಂಗವನ್ನೇ ಬಳಸಬೇಕೆ ಎಂಬುದನ್ನು ಪರಿಶೀಲಿಸಲು ಹೊರಟಾಗ, ಧರ್ಮವೇ ಮುಳುಗಿತೆಂದು ಹಲವರು ಹುಯಿಲೆಬ್ಬಿಸಿದರು. ಯೆಶಾಯನ 66ನೆಯ ಅಧ್ಯಾಯವನ್ನು ಅವರು ಓದಿಲ್ಲವೆ? ತಾಯಿಯಂತೆ ಸಂತೈಸುವೆನೆಂದು ಅಲ್ಲಿ ದೇವರೇ ನುಡಿದಿರುವುದುಂಟು. ಆತ್ಮವನ್ನು ಸೂಚಿಸುವ ಹೀಬ್ರೂ ಪದ ಬಹುತೇಕ ಸ್ತ್ರೀಲಿಂಗ. ಗ್ರೀಕಿನದು ನಪುಂಸಕ, ಲ್ಯಾಟಿನ್ನಿನದು ಪುಲ್ಲಿಂಗ. ವ್ಯಾಕರಣದ ಲಿಂಗ ದೇವರ ಲಿಂಗವಲ್ಲವೆನ್ನುವಿರಾ? ಒಪ್ಪಿದೆ, ಆ ನಿಯಮ ‘ಆತನು’ ಎಂಬುದಕ್ಕೂ ಅನ್ವಯಿಸಬೇಡವೆ?

ನನ್ನ ತರಗತಿಯಲ್ಲಿ ವ್ಯಾಕರಣ ಕಲಿತವರು ಗಮನಿಸಿ. ಕನ್ನಡದ ‘ದೇವರು’ ಗೌರವ ಬಹುವಚನ. ‘ಅವರು’ ಎಂದರೆ ಹೆಣ್ಣೂ ಸೇರುತ್ತಾಳೆ, ಗಂಡೂ ಸೇರುತ್ತಾನೆ. ಇಂಗ್ಲಿಷಿನವರು ತಡಕಾಡುತ್ತಿರುವ ಪದ ನಮ್ಮ ನಾಲಗೆಯ ಮೇಲೆಯೇ ಇದೆ. ಹಾಗಿದ್ದೂ ಹಳೆಯ ಸತ್ಯವೇದದ ಮೊದಲ ವಾಕ್ಯದಲ್ಲಿ ಕರ್ತೃ ‘ದೇವರು’, ಕ್ರಿಯಾಪದ ‘ಉಂಟುಮಾಡಿದನು’! ‘ದೇವರು ದೊಡ್ಡವನು’ ಎಂಬ ನಮ್ಮ ರೂಢಿಯನ್ನು ನೀವು ತೋರಿಸಬಹುದು. ರೂಢಿ ಸಿದ್ಧಾಂತವಲ್ಲ. ‘ಉಂಟುಮಾಡಿದರು’ ಎನ್ನಲು ಏನಡ್ಡಿಯಿತ್ತು?